ಚುಕ್ಕೆ ಇದ್ದದ್ದೆಲ್ಲ ಚಿರತೆ ತೊರಕೆ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಕಾರವಾರ ಬಂದರಿಗೆ ಬಂದ ಒಂದು ದೊಡ್ಡ ತೊರಕೆ ಮೀನಿನ ಫೋಟೋ ಹಾಕಿದ್ರಿ, ಅದರ ಕೆಳಗೆ "ಬಲೆಗೆ ಬಿದ್ದ ಚಿರತೆ ತೊರಕೆ, ಮನುಷ್ಯರ ಮೇಲೆ ದಾಳಿ ಮಾಡುವ ವಿಷದ ಮೀನು" ಅಂತ ಬರೆದಿದ್ರಿ. ಬರೆದದ್ದು ಒಂದೇ ಸಾಲು, ಅದರಲ್ಲಿ ತಪ್ಪು ಎರಡು. ಸುಮ್ನೆ ಇರೋಣ ಅಂತಲೇ ಇದ್ದೆ, ಆದ್ರೆ ಆ ಫೋಟೋ ವಾಟ್ಸಾಪಲ್ಲಿ ಸುತ್ತಿ ಸುತ್ತಿ ಶಿರಸಿಯಲ್ಲಿರೋ ನನ್ನ ಭಾವನ ತನಕ ಹೋಗಿ ಅವ್ರು ಫೋನ್ ಮಾಡಿ "ಏನೋ, ನಿಮ್ಮ ಸಮುದ್ರದಲ್ಲೂ ಚಿರತೆ ಬಂತಂತೆ, ಇಲ್ಲಿ ನಮ್ಮ ತೋಟಕ್ಕೆ ಬರೋದು ಸಾಲ್ದು ಅಂತ" ಅಂದು ನಕ್ಕರು ನೋಡಿ, ಅವತ್ತೇ ರಾತ್ರಿ ಕೂತು ಬರೀಲಿಕ್ಕೆ ಶುರು ಮಾಡ್ದೆ.

ನಾನು ವಿಜ್ಞಾನಿ ಏನೂ ಅಲ್ಲ. ಬೈತಖೋಲ ಬಂದರಿನಲ್ಲಿ ಮೀನು ಹರಾಜಿನ ಲೆಕ್ಕ ಬರೆಯೋನು, ಇಪ್ಪತ್ತೆರಡು ವರ್ಷದಿಂದ. ನಮ್ಮ ಆಯಿ ಅದಕ್ಕೂ ಮೊದ್ಲಿಂದ ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರ್ದವಳು. ನಿಮ್ಮ ಫೋಟೋದಲ್ಲಿರೋ ಮೀನಿನ ತೂಕ ಬರೆದವ ನಾನೇ, ಐವತ್ತೆರಡು ಕೇಜಿ ಇತ್ತು. ಫೋಟೋದಲ್ಲಿ ಎಡಗಡೆ ಯಾರದೋ ನೀಲಿ ಚಪ್ಪಲಿ ಕಾಣ್ತದಲ್ಲ, ಅದೂ ನನ್ನದೇ.

ಮೊದಲು ಮೀನಿನ ಹೆಸರಿಗೆ ಬರ್ತೇನೆ. ನಮ್ಮ ಕಡೆ ಬಾಲ ಉದ್ದ ಇರೋ ಚಪ್ಪಟೆ ಮೀನಿಗೆಲ್ಲ ತೊರಕೆ ಅಂತ ಒಂದೇ ಹೆಸರು. ಮಹಾರಾಷ್ಟ್ರದ ಬೋಟಿನವರು ಬಂದ್ರೆ ಪಾಕಟ್ ಅಂತಾರೆ. ಈ ಗುಂಪಿನಲ್ಲಿ ಮೈಮೇಲೆ ಚುಕ್ಕೆ ಇದ್ದು ಬಾಲ ಬಾರುಕೋಲಿನ ಹಾಗೆ ಸಪೂರ ಇರೋ ದೊಡ್ಡ ಜಾತಿಗಳು ಇವೆ, ಅವಕ್ಕೆ ವಿಜ್ಞಾನದವರು ಹಿಮಾಂಟುರಾ ಅಂತಾರೆ, ಗ್ರೀಕ್ ಭಾಷೆಯಲ್ಲಿ ಅದರ ಅರ್ಥವೇ ಚಾಟಿ ಬಾಲ ಅಂತಂತೆ. ಅದರಲ್ಲಿ ಒಂದು ಹಿಮಾಂಟುರಾ ಉಅರ್ನಾಕ್, ಇನ್ನೊಂದು ಹಿಮಾಂಟುರಾ ಲಿಯೋಪಾರ್ಡಾ. ಈ ಎರಡನೇದೇ ಚಿರತೆ ತೊರಕೆ. ಎರಡೂ ನಮ್ಮ ದೇಶದ ಸಮುದ್ರದಲ್ಲಿ ಉಂಟು, ಎರಡೂ ಮರಳು ಕೆಸರಿನ ತಳದಲ್ಲಿ ಮಲಗೋದು, ಎರಡರ ಹೊಟ್ಟೆ ಬದಿ ಬಿಳಿ, ಎರಡಕ್ಕೂ ಬಾಲದಲ್ಲಿ ಮುಳ್ಳು, ಬಾಲ ತುಂಡಾಗದೆ ಪೂರ್ತಿ ಇದ್ರೆ ಮೈಯ ಅಗಲಕ್ಕಿಂತ ತುಂಬಾ ಉದ್ದ. ಅಣ್ಣ ತಮ್ಮನ ಹಾಗೆ. ಬೆನ್ನು ನೋಡಿದ್ರೆ ಮಾತ್ರ ವ್ಯತ್ಯಾಸ ಗೊತ್ತಾಗೋದು, ಅದೂ ಮರಿಯಲ್ಲಿ ನೋಡಿದ್ರೆ ಚೆನ್ನಾಗಿ ಗೊತ್ತಾಗ್ತದೆ.

ಉಅರ್ನಾಕ್ ಮರಿಯ ಬೆನ್ನು ಅಂದ್ರೆ ಮುದ್ದೆ ಮಾಡಿದ ಅಕ್ಕಿ ಹಿಟ್ಟಿನ ಮೇಲೆ ಯಾರೋ ಎಳ್ಳು ಚೆಲ್ಲಿದ ಹಾಗೆ, ಸಣ್ಣ ಸಣ್ಣ ಕಪ್ಪು ಚುಕ್ಕೆ, ಒತ್ತೊತ್ತಾಗಿ, ಎಣಿಸ್ಲಿಕ್ಕೆ ಕೂತ್ರೆ ತಲೆ ತಿರುಗ್ತದೆ. ಲಿಯೋಪಾರ್ಡಾ ಮರಿಗೆ ಚುಕ್ಕೆ ಕಡಿಮೆ ಆದ್ರೆ ದೊಡ್ಡ ದೊಡ್ಡದು, ಹುಣಸೆಬೀಜ ಬಿಡಿಬಿಡಿಯಾಗಿ ಅಂಟಿಸಿದ ಹಾಗೆ ಕಾಣ್ತದೆ. ದೊಡ್ಡದಾಗ್ತಾ ಹೋದ ಹಾಗೆ ಉಅರ್ನಾಕಿನ ಚುಕ್ಕೆ ಒಂದಕ್ಕೊಂದು ಕೂಡಿಕೊಂಡು ಜಾಲರಿ ಆಗ್ತದೆ, ನಮ್ಮವರ ಭಾಷೆಯಲ್ಲಿ ಹೇಳೋದಾದ್ರೆ ಸಣ್ಣ ಕಣ್ಣಿನ ಬಲೆ ಹಾಸಿದ ಹಾಗೆ. ಲಿಯೋಪಾರ್ಡಾದ ಚುಕ್ಕೆ ಮಾತ್ರ ನಡುವೆ ತಿಳಿಯಾಗಿ ಸುತ್ತ ಕಪ್ಪು ಉಳಿದು ಉಂಗುರ ಉಂಗುರ ಆಗ್ತದೆ, ಕಾಡಿನ ಚಿರತೆಯ ಮೈಮೇಲೆ ಇರ್ತದಲ್ಲ ಹಾಗೆಯೇ, ಅಥವಾ ಚಿರತೆ ನೋಡದವರಿಗೆ ಹೇಳೋದಾದ್ರೆ ತಟ್ಟೆ ತುಂಬ ತೂತಿನ ಉದ್ದಿನವಡೆ ಹರಡಿಟ್ಟ ಹಾಗೆ. ನಿಮ್ಮ ಫೋಟೋದಲ್ಲಿರೋ ಮೀನಿನ ಬೆನ್ನಲ್ಲಿ ಒಂದೇ ಒಂದು ವಡೆ ಇಲ್ಲ, ಬಲೆಯೇ ಬಲೆ. ಹಾಗಾಗಿ ಅದು ಉಅರ್ನಾಕ್.

ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳ್ತೀರಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಉಂಟಲ್ಲ, ಅಲ್ಲಿ ಓದ್ತಿದ್ದ ಒಂದು ಹುಡುಗಿ ಕೆಲವು ವರ್ಷದ ಹಿಂದೆ ಬೆಳಿಗ್ಗೆ ಬೆಳಿಗ್ಗೆ ಬಂದರಿಗೆ ಬಂದು ಟೇಪು ಹಿಡ್ಕೊಂಡು ತೊರಕೆ ಅಳೀತಿದ್ದಳು. ಮೊದ್ಲು ನಮ್ಮ ಹುಡುಗರು ತಮಾಷೆ ಮಾಡ್ತಿದ್ರು, ಬಟ್ಟೆ ಅಳೆಯೋದಕ್ಕೆ ಬಂದಳು ಟೇಲರಮ್ಮ ಅಂತ. ಅವಳು ಮಾತ್ರ ತಲೆ ಕೆಡಿಸ್ಕೊಳ್ಳದೆ ಕೆಸರಲ್ಲಿ ಮೊಣಕಾಲೂರಿ ಕೂತು ಒಂದೊಂದು ಮೀನಿನ ಅಗಲ ಬರ್ಕೊಂಡು, ಗಂಡೋ ಹೆಣ್ಣೋ ನೋಡಿ (ಗಂಡಿಗೆ ಬಾಲದ ಬುಡದಲ್ಲಿ ಎರಡು ಕಡ್ಡಿ ಹಾಗೆ ಇರ್ತದೆ, ಹೆಣ್ಣಿಗೆ ಇಲ್ಲ, ಅಷ್ಟು ನಮಗೆ ಮೊದಲೇ ಗೊತ್ತಿತ್ತು), ಬೆನ್ನಿನ ಫೋಟೋ ತೆಗೀತಿದ್ದಳು. ಒಂದು ದಿನ ನನ್ನ ಕಡೆ ಬಂದು "ಅಣ್ಣಾ, ಬಾಲ ಕಡಿಯೋ ಮೊದಲು ನನಗೊಂದು ಕೂಗು ಹಾಕ್ತೀರಾ" ಅಂದಳು. ನಮ್ಮಲ್ಲಿ ಬೋಟಿನ ಮೇಲೇ ಬಾಲ ಕಡಿದು ಬಿಸಾಡ್ತಾರೆ, ಮುಳ್ಳಿನ ಭಯಕ್ಕೆ. ಹಾಗೆ ಮಾತು ಬೆಳೀತು. ಎಳ್ಳು, ಹುಣಸೆಬೀಜ, ಉದ್ದಿನವಡೆ ಎಲ್ಲ ನನ್ನ ಹೋಲಿಕೆ, ವಿಷಯ ಮಾತ್ರ ಅವಳದ್ದು.

ಅವಳು ಹೇಳಿದ ಒಂದು ಕಥೆ ನನಗೆ ಬಹಳ ಹಿಡಿಸಿತ್ತು. ಉಅರ್ನಾಕ್ ಅನ್ನೋದು ಲ್ಯಾಟಿನ್ನೂ ಅಲ್ಲ ಗ್ರೀಕೂ ಅಲ್ಲ, ಕೆಂಪು ಸಮುದ್ರದ ದಡದಲ್ಲಿ ಅರಬ್ಬರು ಆ ಮೀನಿಗೆ ಕರೀತಿದ್ದ ಹೆಸರಂತೆ. ಪೀಟರ್ ಫೋರ್ಸ್ಕೋಲ್ ಅಂತ ಒಬ್ಬ ಸ್ವೀಡನ್ನಿನವ, ಡೆನ್ಮಾರ್ಕ್ ರಾಜ ಕಳಿಸಿದ ತಂಡದ ಜೊತೆ ಅರೇಬಿಯಾಕ್ಕೆ ಹೋಗಿ ಗಿಡ ಮೀನು ಎಲ್ಲ ಬರ್ಕೊಂಡು, 1763ರಲ್ಲಿ ಯೆಮೆನ್‌ನಲ್ಲೇ ಜ್ವರ ಬಂದು ತೀರಿಕೊಂಡ. ಅವನ ಟಿಪ್ಪಣಿಗಳನ್ನ ಜೊತೆಗಾರ ನೀಬೂರ್ 1775ರಲ್ಲಿ ಪುಸ್ತಕ ಮಾಡಿಸಿದ. ಆ ನೀಬೂರ್ ಊರಿಗೆ ವಾಪಸ್ ಹೋಗೋ ಮೊದಲು ಮುಂಬೈಗೂ ಬಂದಿದ್ನಂತೆ, ಅಂದ್ರೆ ನಮ್ಮ ಈ ಅರಬ್ಬಿ ಸಮುದ್ರವನ್ನೇ ದಾಟಿ. ಆಮೇಲೆ 1789ರಲ್ಲಿ ಗ್ಮೆಲಿನ್ ಅನ್ನೋನು ಆ ಹೆಸರನ್ನ ಜೀವಿಗಳ ವೈಜ್ಞಾನಿಕ ಹೆಸರಿನ ಪಟ್ಟಿಗೆ ಸೇರಿಸಿದ, ಇವತ್ತಿಗೂ ಅವನ ಹೆಸರಲ್ಲೇ ಉಂಟು. ನನಗೆ ಖುಷಿ ಆದದ್ದು ಏನಂದ್ರೆ, ಯಾವನೋ ಒಬ್ಬ ಜೆಡ್ಡಾದ ಬೆಸ್ತ, ನಮ್ಮಂಥವನೇ, ಬಾಯಲ್ಲಿ ಹೇಳಿದ ಮಾತು ಇನ್ನೂರು ಚಿಲ್ಲರೆ ವರ್ಷದಿಂದ ಪ್ರಪಂಚದ ಎಲ್ಲ ಮೀನಿನ ಪುಸ್ತಕದಲ್ಲಿ ಕೂತಿದೆ. ಅವನ ಹೆಸರು ಮಾತ್ರ ಎಲ್ಲೂ ಇಲ್ಲ.

ಲಿಯೋಪಾರ್ಡಾಕ್ಕೆ ಹೆಸರು ಸಿಕ್ಕಿದ್ದು 2008ರಲ್ಲಿ. ಮಲೇಷ್ಯಾದ ಮೇಬಲ್ ಮಂಜಾಜಿ ಮಾತ್ಸುಮೋಟೋ ಅನ್ನೋ ವಿಜ್ಞಾನಿ, ಆಸ್ಟ್ರೇಲಿಯಾದ ಪೀಟರ್ ಲಾಸ್ಟ್ ಜೊತೆ ಸೇರಿ ಇದು ಬೇರೆ ಜಾತಿ ಅಂತ ಬರೆದ್ರು. ಅಂದ್ರೆ ನಾನು ಲೆಕ್ಕ ಬರೀಲಿಕ್ಕೆ ಸೇರಿದ ಹೊಸತರಲ್ಲಿ ಬಂದರಿಗೆ ಬರ್ತಿದ್ದ ಚಿರತೆ ತೊರಕೆಗೆ ಹೆಸರೇ ಇರ್ಲಿಲ್ಲ ನೋಡಿ! ಆವಾಗ ಉಂಗುರದ್ದೂ ಉಅರ್ನಾಕೇ, ಜಾಲರಿಯದ್ದೂ ಉಅರ್ನಾಕೇ. ಹಳೇ ಪುಸ್ತಕ ಹಳೇ ರಿಪೋರ್ಟಲ್ಲಿ ಉಅರ್ನಾಕ್ ಅಂತ ಕಂಡ್ರೆ ಅದು ನಿಜವಾಗ್ಲೂ ಯಾವುದು ಅಂತ ಈಗ ಫೋಟೋ ಇಲ್ಲದೆ ಹೇಳೋದು ಕಷ್ಟ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ನಾನೂ ಎಷ್ಟೋ ಸಲ ತಪ್ಪು ಮಾಡಿದ್ದೇನೆ. ಚುಕ್ಕೆ ಅನ್ನೋದು ಮೀನಿನಿಂದ ಮೀನಿಗೆ ಬದಲಾಗ್ತದೆ, ವಯಸ್ಸಿಗೆ ತಕ್ಕ ಹಾಗೆ ಬದಲಾಗ್ತದೆ, ಐಸಲ್ಲಿ ಎರಡು ದಿನ ಬಿದ್ದು ಬಣ್ಣ ಮಾಸಿದ್ರೆ ಕೇಳೋದೇ ಬೇಡ. ಇದೇ ಸಾಲಿನಲ್ಲಿ ಉಂಡುಲಾಟಾ ಅಂತ ಮೂರನೇದೊಂದು ಉಂಟು, ಅದರ ಬೆನ್ನು ಜೇನುಗೂಡಿನ ಹಾಗೆ ಅಂತೆ. ದೊಡ್ಡ ವಿಜ್ಞಾನಿಗಳೇ ಚುಕ್ಕೆಯನ್ನ ನಂಬಿ ಕೂರದೆ ಡಿಎನ್ಎ ತೆಗೆದು ನೋಡ್ತಾರೆ. ಹಾಗಾಗಿ ನಿಮ್ಮ ವರದಿಗಾರರಿಗೆ ಗೊತ್ತಾಗ್ಲಿಲ್ಲ ಅಂತ ನಾನು ಬೈತಾ ಇಲ್ಲ. ಗೊತ್ತಿಲ್ದಿದ್ರೆ ಬರೀ "ಚುಕ್ಕೆ ತೊರಕೆ" ಅಂತ ಬರೆದಿದ್ರೆ ಮುಗೀತಿತ್ತು. ಚಿರತೆ ಅಂದ್ರೆ ಜನ ಓದ್ತಾರೆ ಅಂತ ಚಿರತೆ ಬಿಟ್ಟಿರಿ, ಅದೇ ಬೇಜಾರು.

ಇನ್ನು ಎರಡನೇ ತಪ್ಪು, ದಾಳಿ ಮಾಡುವ ಮೀನು ಅನ್ನೋದು. ಇದಕ್ಕೆ ನಾನು ನನ್ನ ಎಡಗಾಲನ್ನೇ ಸಾಕ್ಷಿ ಕೊಡ್ತೇನೆ. ಹತ್ತೊಂಬತ್ತು ಇಪ್ಪತ್ತು ವರ್ಷದವನಿದ್ದಾಗ ದೇವಬಾಗದ ಹತ್ತಿರ ಎಂಡಿ ಅನ್ನೋ ಬಲೆಯನ್ನ ದಡಕ್ಕೆ ಎಳೆಯೋದಕ್ಕೆ ಸೊಂಟದ ನೀರಲ್ಲಿ ನಿಂತಿದ್ದೆ, ಹೆಜ್ಜೆ ಹಿಂದಿಟ್ಟೆ, ಕಾಲಡಿ ಏನೋ ಮೆತ್ತಗೆ ಒದ್ದಾಡಿತು, ಮರುಕ್ಷಣ ಹಿಮ್ಮಡಿ ಮೇಲೆ ಕಾದ ಕಬ್ಬಿಣ ತೂರಿಸಿದ ಹಾಗೆ ಆಯ್ತು. ನಾನು ಅದನ್ನ ತುಳಿದದ್ದು, ಅದು ನನ್ನ ಹುಡುಕ್ಕೊಂಡು ಬಂದದ್ದಲ್ಲ. ಮರಳಲ್ಲಿ ಹೂತುಕೊಂಡು ಕಣ್ಣು ಮತ್ತೆ ಕಣ್ಣಿನ ಹಿಂದಿನ ಉಸಿರಿನ ತೂತು ಮಾತ್ರ ಹೊರಗೆ ಇಟ್ಟು ಮಲಗಿರ್ತದೆ ಪಾಪ, ಮೇಲೆ ಅರವತ್ತು ಕೇಜಿಯ ಮನುಷ್ಯ ಕಾಲಿಟ್ರೆ ಅದು ಇನ್ನೇನು ಮಾಡ್ಬೇಕು ಹೇಳಿ.

ಬಹಳ ಜನ ಮುಳ್ಳು ಬಾಲದ ತುದಿಯಲ್ಲಿ ಚೇಳಿನ ಹಾಗೆ ಇರ್ತದೆ ಅಂದ್ಕೊಂಡಿದ್ದಾರೆ. ತುದಿಯಲ್ಲಲ್ಲ, ಬಾಲದ ಬುಡದ ಕಡೆ ಇರ್ತದೆ, ಕೆಲವಕ್ಕೆ ಎರಡು ಮುಳ್ಳೂ ಇರ್ತದೆ. ಎರಡು ಅಂಚಿಗೂ ಗರಗಸದ ಹಲ್ಲು, ಹಲ್ಲೆಲ್ಲ ಹಿಂದಕ್ಕೆ ಬಾಗಿದ್ದು, ಒಳಗೆ ಹೋಗುವಾಗ ಸಲೀಸು, ಹೊರಗೆ ಬರುವಾಗ ಮಾಂಸ ಹರ್ಕೊಂಡೇ ಬರೋದು. ಮುಳ್ಳಿನ ಅಡಿಬದಿಯ ಎರಡು ಗೀರಿನಲ್ಲಿ ವಿಷ ಇರ್ತದೆ. ಸ್ಟೀವ್ ಇರ್ವಿನ್ ಅಂತ ಟಿವಿಯಲ್ಲಿ ಮೊಸಳೆ ಹಿಡೀತಿದ್ದ ಆಸ್ಟ್ರೇಲಿಯಾದವ 2006ರ ಸೆಪ್ಟೆಂಬರ್ 4ಕ್ಕೆ ತೀರಿಕೊಂಡದ್ದು ತೊರಕೆಯ ಮುಳ್ಳು ಎದೆಗೆ ಹೊಕ್ಕಿಯೇ. ಅದು ನಿಜ. ಆದ್ರೆ ಅಂಥದ್ದು ಬಹಳ ಅಪರೂಪ, ಸಾಮಾನ್ಯವಾಗಿ ಪೆಟ್ಟು ಬೀಳೋದು ಕಾಲಿಗೆ, ಇಲ್ಲಾಂದ್ರೆ ಬಲೆ ಬಿಡಿಸುವಾಗ ಕೈಗೆ.

ನನಗೆ ಹೊಡೆದಾಗ ಒಬ್ಬ ಅರಿಶಿನ ಹಚ್ಚು ಅಂದ, ಇನ್ನೊಬ್ಬ ಸೀಮೆಎಣ್ಣೆ ಸುರಿ ಅಂದ, ಮತ್ತೊಬ್ಬ ಬ್ಲೇಡು ತರ್ಲಿಕ್ಕೆ ಓಡಿದ. ದಡದಲ್ಲಿ ಚಾ ಕಾಸ್ತಿದ್ದ ಒಬ್ಬ ಅಜ್ಜ ಮಾತ್ರ ಏನೂ ಮಾತಾಡದೆ ಬಕೆಟಿಗೆ ಬಿಸಿನೀರು ಹಾಕಿ, ತನ್ನ ಕೈ ಅದ್ದಿ ನೋಡಿ, ನನ್ನ ಕಾಲು ಅದರಲ್ಲಿ ಇಡಿಸಿದ. ಸ್ವಲ್ಪ ಹೊತ್ತಿಗೆ ನೋವು ಇಳೀಲಿಕ್ಕೆ ಶುರು ಆಯ್ತು. ಈಗಿನ ಡಾಕ್ಟ್ರುಗಳೂ ಅದನ್ನೇ ಹೇಳೋದು, ಆ ವಿಷ ಪ್ರೋಟೀನಿನ ವಿಷ, ಶಾಖಕ್ಕೆ ಕೆಡ್ತದೆ, ಸುಡದ ಹಾಗೆ ತಡೆಯೋ ಅಷ್ಟು ಬಿಸಿ ಅಂದ್ರೆ ಸುಮಾರು 45 ಡಿಗ್ರಿ ನೀರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡ್ಬೇಕು ಅಂತ. ಆಮೇಲೆ ಆಸ್ಪತ್ರೆಗೆ ಹೋಗ್ಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದು ಕೀವಾಗ್ತದೆ, ಟಿಟಿ ಇಂಜೆಕ್ಷನ್ ಬೇಕು. ಎದೆಗೋ ಹೊಟ್ಟೆಗೋ ಚುಚ್ಚಿದ್ರೆ ಮುಳ್ಳನ್ನ ಎಳೀಲೇಬಾರದು, ಹಾಗೇ ಆಸ್ಪತ್ರೆಗೆ ಓಡಬೇಕು. ಇದನ್ನ ನಿಮ್ಮ ಆ ಫೋಟೋದ ಕೆಳಗೆ ಬರೆದಿದ್ರೆ ಟ್ಯಾಗೋರ್ ಬೀಚಿಗೆ ಬರೋ ನಾಲ್ಕು ಜನಕ್ಕೆ ಉಪಯೋಗ ಆಗ್ತಿತ್ತು. ಇನ್ನೊಂದು, ನೀರಲ್ಲಿ ಹೆಜ್ಜೆ ಎತ್ತಿ ಎತ್ತಿ ಇಡಬೇಡಿ, ಮರಳಲ್ಲಿ ಕಾಲು ಎಳೀತಾ ಹೋಗಿ, ಸದ್ದಿಗೆ ತೊರಕೆ ತಾನೇ ಜಾಗ ಬಿಟ್ಟು ಹೋಗ್ತದೆ. ಮೊದಲೇ ಹೇಳಿದ ಚಿರತೆಗೂ ಬೆನ್ನಲ್ಲಿ ಬಲೆ ಇರೋ ಉಅರ್ನಾಕಿಗೂ ಈ ವಿಷಯದಲ್ಲಿ ಏನೂ ಭೇದ ಇಲ್ಲ, ತುಳಿದ್ರೆ ಎರಡೂ ಹೊಡೀತವೆ.

ಆಯಿ ಹತ್ರ ಈ ಕಾಗದ ಓದಿ ಹೇಳ್ದೆ. ಅವಳು ಕೇಳಿದ್ದು ಒಂದೇ, "ಸಾರಿಗೆ ಬಿದ್ದ ಮೇಲೆ ಚಿರತೆ ಯಾವುದು ಬಲೆ ಯಾವುದು, ಎರಡೂ ಅದೇ ರೇಟು ಅಲ್ವಾ". ರೇಟು ಒಂದೇ ಹೌದು. ರುಚಿಯೂ ಒಂದೇ. ತೊರಕೆ ಹಳತಾದ್ರೆ ಮೂಗಿಗೆ ಹೊಡೆಯೋ ವಾಸನೆ ಬರ್ತದಲ್ಲ, ಅದೂ ಎರಡಕ್ಕೂ ಒಂದೇ, ಯಾಕಂದ್ರೆ ಇವುಗಳ ರಕ್ತದಲ್ಲೇ ಯೂರಿಯಾ ಜಾಸ್ತಿ, ಉಪ್ಪುನೀರಲ್ಲಿ ಮೈಯ ನೀರು ಹಿಡಿದಿಟ್ಕೊಳ್ಳೋದಕ್ಕೆ ದೇವ್ರು ಮಾಡಿದ ಉಪಾಯ, ಸತ್ತ ಮೇಲೆ ಅದೇ ಅಮೋನಿಯಾ ಆಗ್ತದೆ. ಅದಕ್ಕೇ ಆಯಿ ಅದನ್ನ ಹುಣಸೆಹುಳಿ ಹಾಕಿ ಮೂರು ಸಲ ತೊಳೆದು, ಮಸಾಲೆಗೆ ತಿರಫಳ ಜಜ್ಜಿ ಹಾಕಿ ಮಾಡೋದು. ಈ ವಿಷಯ ಬಂದ್ರೆ ನಾನು ಬರೀತಾ ಹೋಗ್ತೇನೆ, ಇರ್ಲಿ ಬಿಡಿ.

ಆಯಿ ಪ್ರಶ್ನೆಗೆ ಉತ್ತರ ಹೇಳ್ಬೇಕಲ್ಲ. ಬಂಗಡೆ ತಾರ್ಲೆ ಒಂದು ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಬಿಡ್ತವೆ. ತೊರಕೆ ಮೊಟ್ಟೆ ಇಡೋದಿಲ್ಲ, ಮರಿಯನ್ನ ಹೊಟ್ಟೆಯಲ್ಲೇ ಬೆಳೆಸಿ, ಗರ್ಭದ ಗೋಡೆಯಿಂದ ಹಾಲಿನ ಹಾಗೆ ಒಂದು ರಸ ಕುಡಿಸಿ, ಕೊನೆಗೆ ಹೆರೋದು ಬೆರಳೆಣಿಕೆ ಮರಿ. ದೊಡ್ಡ ಜಾತಿ ಅಂದ್ರೆ ಬೆಳೆದು ಮರಿ ಹಾಕೋ ವಯಸ್ಸಿಗೆ ಬರ್ಲಿಕ್ಕೂ ವರ್ಷಗಳು ಬೇಕು. ಈ ಎರಡು ಜಾತಿಯೂ ಜಗತ್ತಿನಲ್ಲಿ ಅಳಿದು ಹೋಗೋ ಅಪಾಯ ಇರೋ ಜೀವಿಗಳ ಪಟ್ಟಿಯಲ್ಲಿ ಉಂಟು. ನಮ್ಮ ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಕಾಲಮ್ಮು, "ತೊರಕೆ, ಇಷ್ಟು ಕೇಜಿ". ಹುಣಸೆಬೀಜದ್ದು ಪೂರ್ತಿ ಬರೋದೇ ನಿಂತು ಹೋಗಿ ಎಳ್ಳಿನದ್ದು ಮಾತ್ರ ಬರ್ತಿದ್ರೂ ಕೇಜಿ ಲೆಕ್ಕದಲ್ಲಿ ಏನೂ ಗೊತ್ತಾಗೋದಿಲ್ಲ. ಒಂದು ಮನೆಯಲ್ಲಿ ಅಣ್ಣ ಸತ್ರೂ ತಮ್ಮನ ತಲೆ ಎಣಿಸಿ "ಮಕ್ಕಳು ಇದ್ದಾರೆ" ಅಂತ ಬರೆದ ಹಾಗೆ.

ಕಾನೂನಿನ ಕಥೆಯೂ ಹಾಗೇ. 1972ರ ವನ್ಯಜೀವಿ ಕಾಯ್ದೆಯ ರಕ್ಷಿತ ಜೀವಿಗಳ ಪಟ್ಟಿಗೆ 2001ರಲ್ಲಿ ಶಾರ್ಕ್ ಮತ್ತೆ ತೊರಕೆ ಸೇರಿ ಹತ್ತು ಜಾತಿಗಳನ್ನ ಸೇರಿಸಿದ್ರು. ಅದರಲ್ಲಿ ಮುಳ್ಳುಹಂದಿ ತೊರಕೆ ಅಂತ ಕರೀಬಹುದಾದ ಒಂದು ಉಂಟು, ಬೆನ್ನ ತುಂಬ ಚೂಪು ಚೂಪು ಮುಳ್ಳು, ಆದ್ರೆ ಬಾಲದಲ್ಲಿ ವಿಷದ ಮುಳ್ಳೇ ಇಲ್ಲ. ಕಾನೂನು ಜಾತಿಯ ಹೆಸರು ಹಿಡಿದು ಹೇಳ್ತದೆ, ಬರೀ ತೊರಕೆ ಅಂತ ಹೇಳೋದಿಲ್ಲ. ಬೋಟಿನವನಿಗೆ ಯಾವುದು ಹಿಡಿಯಬಹುದು ಯಾವುದು ಬಿಡಬೇಕು ಅಂತ ಗೊತ್ತಾಗೋದಾದ್ರೂ ಹೇಗೆ, ಪೇಪರಿನವರೇ ಚುಕ್ಕೆ ಕಂಡದ್ದಕ್ಕೆಲ್ಲ ಚಿರತೆ ಅಂತ ಹೆಸರಿಟ್ರೆ? ನಾಳೆ ಯಾವುದೋ ಒಂದು ಜಾತಿಗೆ ಮಾತ್ರ ನಿಷೇಧ ಬಂತು ಅಂತ ಇಟ್ಕೊಳ್ಳಿ, ಕೇಸು ಬೀಳೋದು ಫೋಟೋದಲ್ಲಿ ಮೀನಿನ ಮೇಲೆ ಕಾಲಿಟ್ಟು ನಿಂತ ಹುಡುಗನ ಮೇಲೆ, ಹೆಸರು ಬರೆದವರ ಮೇಲಲ್ಲ.

ಹಾಗಾಗಿ ನನ್ನದೊಂದು ಕೋರಿಕೆ. ಆಗಸ್ಟಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿದ ಮೇಲೆ ನಿಮ್ಮವರು ಮತ್ತೆ ಬಂದರಿಗೆ ಬರ್ತಾರೆ, ದೊಡ್ಡ ಮೀನು ಕಂಡ್ರೆ ಫೋಟೋ ತೆಗೀತಾರೆ, ತೆಗೀಲಿ. ಆದ್ರೆ ಮೀನನ್ನ ಹಗ್ಗ ಕಟ್ಟಿ ನೇತುಹಾಕಿ ಹೊಟ್ಟೆ ಕಡೆ ಫೋಟೋ ಬೇಡ, ಹೊಟ್ಟೆ ಎಲ್ಲದರದ್ದೂ ಬಿಳಿಯೇ. ನೆಲದ ಮೇಲೆ ಮಲಗಿಸಿ ಬೆನ್ನಿನ ಮೇಲಿಂದ ನೇರ ತೆಗೀರಿ, ಬಾಲ ಇದ್ರೆ ಬಾಲ ಪೂರ್ತಿ ಬರ್ಲಿ, ಅಳತೆಗೆ ಪಕ್ಕದಲ್ಲಿ ಒಂದು ತೆಂಗಿನಕಾಯಿ ಇಡಿ, ಚಪ್ಪಲಿ ಬೇಕಾದ್ರೆ ನನ್ನದೇ ಕೊಡ್ತೇನೆ. ಹೆಸರು ಗೊತ್ತಾಗ್ದಿದ್ರೆ ಕೋಡಿಬಾಗಕ್ಕೆ ಒಂದು ಫೋನ್ ಮಾಡಿ, ಇಲ್ಲ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕಚೇರಿ ಇಲ್ಲೇ ಕಾರವಾರದಲ್ಲಿ ಉಂಟು, ಅವರನ್ನ ಕೇಳಿ. ಮರಿ ಸಿಕ್ಕಿದ್ರೆ ಮರಿಯದ್ದೇ ಫೋಟೋ ಹಾಕಿ, ಮಕ್ಕಳೂ ಗುರುತು ಹಿಡೀತಾರೆ. ನನ್ನ ಮಗಳು ಐದನೇ ಕ್ಲಾಸು, ಅವಳು ಈಗ ನನಗಿಂತ ಬೇಗ ಹೇಳ್ತಾಳೆ.

ಜನವರಿಯಿಂದ ನಾನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲ್ಲಲ್ಲಿ ಎರಡು ಗೆರೆ ಹಾಕಿ, ಒಂದರ ಮೇಲೆ "ಬಲೆ", ಇನ್ನೊಂದರ ಮೇಲೆ "ವಡೆ" ಅಂತ ಬರೆದು, ಬಂದಷ್ಟು ಬಂದ ಹಾಗೆ ಗುರುತು ಹಾಕ್ತಾ ಇದ್ದೇನೆ. ಸಂಶಯ ಇದ್ದದ್ದಕ್ಕೆ ಪ್ರಶ್ನೆ ಚಿಹ್ನೆ. ಸದ್ಯಕ್ಕೆ ಪ್ರಶ್ನೆ ಚಿಹ್ನೆಯೇ ಎಲ್ಲಕ್ಕಿಂತ ಜಾಸ್ತಿ ಉಂಟು, ನಗಬೇಡಿ.

ಇದರ ಜೊತೆ ಎರಡು ಫೋಟೋ ಕಳಿಸಿದ್ದೇನೆ, ಎರಡೂ ಮರಿಯದ್ದು, ಒಂದು ಎಳ್ಳು ಒಂದು ಹುಣಸೆಬೀಜ. ಹಿಂದುಗಡೆ ಹೆಸರು ಬರೆದಿದ್ದೇನೆ. ಹಾಕೋದಾದ್ರೆ ಎರಡೂ ಅಕ್ಕಪಕ್ಕ ಹಾಕಿ, ದಯಮಾಡಿ ಹೆಸರು ಅದಲುಬದಲು ಮಾಡ್ಬೇಡಿ, ಶಿರಸಿ ಭಾವ ಕಾಯ್ತಾ ಕೂತಿದ್ದಾರೆ.

ಇತಿ,
ಹರಾಜಿನ ಲೆಕ್ಕದವ,
ಬೈತಖೋಲ, ಕಾರವಾರ